ಗೊರಕೆ ಎಲ್ಲರಿಗೂ ಕೇಳಿಸಿತ್ತು

ಲಕ್ವಾ ಹೊಡೆಯುವ ಮೊದಲಿನ ಏಳೆಂಟು ವರ್ಷಗಳಲ್ಲಿ ದಣಿವಿಲ್ಲದೆ ಎದ್ದ ಒಂದು ಬೆಳಗೂ ನನಗೆ ನೆನಪಿಲ್ಲ. ರಾತ್ರಿ ಒಂಬತ್ತೂವರೆಗೆ ಮಲಗಿ ಬೆಳಿಗ್ಗೆ ಐದಕ್ಕೆ ಏಳುತ್ತಿದ್ದೆ. ನಿದ್ದೆಗೇನೂ ಕಡಿಮೆಯಿರಲಿಲ್ಲ. ಆದರೂ ಏಳುವಾಗ ಇಡೀ ರಾತ್ರಿ ಕಲ್ಲು ಹೊತ್ತವಳ ಹಾಗೆ ಮೈ ಭಾರ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿರುತ್ತಿತ್ತು. ಹಣೆಯ ಎರಡೂ ಬದಿ ಸಿಡಿತ. ವಯಸ್ಸಾಯಿತು ಅಂದುಕೊಂಡೆ. ಮುಟ್ಟು ನಿಲ್ಲುವ ಕಾಲ, ಹೀಗೇ ಇರುತ್ತದೆ ಅಂದುಕೊಂಡೆ. ಆಮೇಲೆ ಅಂದುಕೊಳ್ಳುವುದನ್ನೂ ಬಿಟ್ಟೆ. ದಣಿವು ನನ್ನ ಸ್ವಭಾವವೇ ಆಗಿಬಿಟ್ಟಿತು.

ನಾವು ಮುದ್ದೇಬಿಹಾಳದ ಕಡೆಯವರು. ಮದುವೆಯಾಗಿ ಹೈದರಾಬಾದಿಗೆ ಬಂದು ಇಪ್ಪತ್ತೆಂಟು ವರ್ಷ ಕಳೆದಿವೆ. ಇವರು, ಅಂದರೆ ನನ್ನ ಯಜಮಾನರು, ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಒಬ್ಬಳೇ ಮಗಳು ಭಾಗ್ಯಾ, ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಮಿಯಾಪುರದ ಅಪಾರ್ಟ್‌ಮೆಂಟೊಂದರ ನಾಲ್ಕನೇ ಮಹಡಿಯಲ್ಲಿ ನಮ್ಮ ಮನೆ. ನಾನು ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದೆ. ಬೆಲ್ಟಿನ ಮೇಲೆ ಸರಿದು ಬರುವ ಗುಳಿಗೆಯ ಪಟ್ಟಿಗಳಲ್ಲಿ ಖಾಲಿ ಗೂಡೋ ಒಡೆದ ಗುಳಿಗೆಯೋ ಕಂಡರೆ ತೆಗೆದು ಪಕ್ಕಕ್ಕಿಡುವುದು ನನ್ನ ಕೆಲಸ. ನೋಡುತ್ತಲೇ ಇರಬೇಕಾದ ಕೆಲಸ. ನನಗೆ ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದವು. ತೊಡೆ ಚಿವುಟಿಕೊಳ್ಳುತ್ತಿದ್ದೆ, ಬಾಯಲ್ಲಿ ಲವಂಗ ಇಟ್ಟುಕೊಳ್ಳುತ್ತಿದ್ದೆ, ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬರುತ್ತಿದ್ದೆ. ಒಮ್ಮೆ ಖಾಲಿ ಗೂಡಿನ ಪಟ್ಟಿಗಳು ನನ್ನ ಕಣ್ಣ ಮುಂದೆಯೇ ಹಾದು ಡಬ್ಬಿ ಸೇರಿದವು. ಸೂಪರ್‌ವೈಸರ್ ಮೆಮೊ ಕೊಟ್ಟ. "ರಾತ್ರಿಯೆಲ್ಲ ಮನೆಯಲ್ಲಿ ಏನು ಮಾಡ್ತೀರಮ್ಮಾ?" ಎಂದು ಎಲ್ಲರೆದುರು ತೆಲುಗಿನಲ್ಲಿ ಕೇಳಿದ. ಮಲಗುತ್ತೇನೆ ಎಂದು ಹೇಳಲು ನನಗೇ ನಾಚಿಕೆಯಾಯಿತು.

ಇನ್ನೊಂದು ನಾಚಿಕೆ ಇದಕ್ಕಿಂತ ಹಳೆಯದು. ನಾನು ಗೊರಕೆ ಹೊಡೆಯುತ್ತಿದ್ದೆ.

ಗಂಡಸು ಗೊರಕೆ ಹೊಡೆದರೆ ಮನೆಮಂದಿ ಬೈದುಕೊಂಡು ಸುಮ್ಮನಾಗುತ್ತಾರೆ. ಹೆಂಗಸು ಹೊಡೆದರೆ ಊರೆಲ್ಲ ಮಾತಾಡುತ್ತದೆ. ಮುದ್ದೇಬಿಹಾಳದಲ್ಲಿ ನನ್ನ ತಮ್ಮನ ಮದುವೆಯಾದಾಗ ಕಲ್ಯಾಣ ಮಂಟಪದ ಮೇಲಿನ ಹಾಲ್‌ನಲ್ಲಿ ಹೆಂಗಸರೆಲ್ಲ ಸಾಲಾಗಿ ಜಮಖಾನೆ ಹಾಸಿ ಮಲಗಿದ್ದೆವು. ಬೆಳಿಗ್ಗೆ ಎದ್ದು ನೋಡಿದರೆ ನನ್ನ ಅಕ್ಕಪಕ್ಕದಲ್ಲಿ ಯಾರೂ ಇಲ್ಲ. ಎಲ್ಲರ ಹಾಸಿಗೆಗಳೂ ಆ ಮೂಲೆಗೆ ಸರಿದಿದ್ದವು. ಚಹಾ ಕುಡಿಯುವಾಗ ಯಾರೋ ದೂರದ ಸಂಬಂಧಿ, "ರಾತ್ರಿ ಯಾರೋ ಗಿರಣಿ ಹಚ್ಚಿದ್ರಲ್ಲವ್ವ" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದಿನಿಂದ ಮದುವೆ ಮನೆಗಳಲ್ಲಿ ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುವುದನ್ನು ರೂಢಿ ಮಾಡಿಕೊಂಡೆ.

ಆದರೆ ರೈಲಿನಲ್ಲಿ ತಪ್ಪಿಸಿಕೊಳ್ಳಲಾಗಲಿಲ್ಲ. ಒಮ್ಮೆ ನಾಂಪಲ್ಲಿಯಿಂದ ವಿಜಯಪುರಕ್ಕೆ ಹೊರಟಿದ್ದೆವು. ತಮ್ಮ ಮಲ್ಲೇಶಿಯೂ ಜೊತೆಗಿದ್ದ. ರೈಲು ಹೊರಟ ಸ್ವಲ್ಪ ಹೊತ್ತಿಗೆ ನಾನು ನಿದ್ದೆಹೋದೆ. ಭಾಗ್ಯಾ ಮೊಬೈಲಿನಲ್ಲಿ ನನ್ನ ಗೊರಕೆ ರೆಕಾರ್ಡ್ ಮಾಡಿ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಮಲ್ಲೇಶಿ ಅದಕ್ಕೆ 'ಅಕ್ಕನ ಟ್ರ್ಯಾಕ್ಟರ್' ಅಂತ ಹೆಸರಿಟ್ಟ. ಒಂದು ವಾರ ಎಲ್ಲರೂ ಅದನ್ನೇ ಕೇಳಿ ನಕ್ಕರು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಆಮೇಲೆ ಸ್ವಲ್ಪ ದಿನಕ್ಕೆ ಇವರೂ, "ಹಾಲ್‌ನ್ಯಾಗ ಫ್ಯಾನಿನ ಗಾಳಿ ಚಲೋ ಬರ್ತೈತಿ" ಎಂದು ಅಲ್ಲೇ ಮಲಗತೊಡಗಿದರು. ಯಾಕೆ ಅಂತ ನನಗೂ ಗೊತ್ತಿತ್ತು. ಕೇಳಲಿಲ್ಲ.

ಈ ನಡುವೆ ಬಿ.ಪಿ.ಗೆ ಮೊದಲು ಒಂದು ಗುಳಿಗೆ, ಆಮೇಲೆ ಎರಡು, ಆಮೇಲೆ ಮೂರು. ಆದರೂ ಇಳಿಯಲಿಲ್ಲ. ನಮ್ಮ ಕಾಲೊನಿಯ ಡಾಕ್ಟರು ಉಪ್ಪು ಬಿಡಿ, ಚಿಂತೆ ಬಿಡಿ ಅನ್ನುತ್ತಿದ್ದರು. ಉಪ್ಪು ಬಿಟ್ಟೆ.

ಲಕ್ವಾ ಹೊಡೆದ ದಿನವೂ ಐದಕ್ಕೇ ಎದ್ದೆ. ಬಲಗೈ ಜೋಮು ಹಿಡಿದಿತ್ತು. ಕೈ ಮೈಕೆಳಗೆ ಸಿಕ್ಕಿರಬೇಕು ಅಂದುಕೊಂಡು ಕೊಡವಿಕೊಂಡೆ. ಹಲ್ಲುಜ್ಜಿ ಬಾಯಿ ಮುಕ್ಕಳಿಸಿದಾಗ ನೀರು ಬಾಯಿಯ ಒಂದು ಬದಿಯಿಂದ ಸೀರೆಯ ಮೇಲೆ ಸುರಿಯಿತು. ಅದನ್ನೂ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತೆ. ನಲವತ್ತು ವರ್ಷದಿಂದ ಬಡಿಯುತ್ತಿರುವ ಕೈ. ಅವತ್ತು ಎಡಗೈ ಬಡಿಯುತ್ತಿತ್ತು, ಬಲಗೈ ಹಿಟ್ಟಿನ ಮೇಲೆ ಸುಮ್ಮನೆ ಬಿದ್ದಿತ್ತು. ಎತ್ತು ಅಂದರೆ ಎತ್ತಲಿಲ್ಲ. ರೊಟ್ಟಿ ಒಂದು ಬದಿಗೆ ಉದ್ದವಾಗಿ ಹರಿದುಹೋಯಿತು. ನನಗೆ ಭಯ ಆಗಲಿಲ್ಲ, ಬೇಜಾರಾಯಿತು. ಇವತ್ತು ಇದೊಂದು ಬೇರೆ ಅನ್ನಿಸಿತು. ಹಿಟ್ಟನ್ನು ಮುಚ್ಚಿಟ್ಟು, "ಇವತ್ತ ಕ್ಯಾಂಟೀನ್‌ನ್ಯಾಗ ಉಣ್ರಿ" ಎಂದು ಇವರಿಗೆ ಕೂಗಿ ಹೇಳಿ ಹೊರಟೆ. ನನ್ನ ಮಾತು ತೊದಲಿದ್ದು ಇವರಿಗೆ ಕೇಳಿಸಿತಂತೆ. ಬಾಯಲ್ಲಿ ಲವಂಗ ಇರಬೇಕು ಅಂದುಕೊಂಡರಂತೆ.

ಕಂಪನಿ ಬಸ್ಸಿನಲ್ಲಿ ನನ್ನ ಪಕ್ಕ ದಿನಾಲೂ ಯಾದಮ್ಮ ಕೂರುತ್ತಿದ್ದಳು. ಅದೇ ವಿಭಾಗದಲ್ಲಿ ಕೆಲಸ, ನನಗಿಂತ ಚಿಕ್ಕವಳು. ನಾನು ಮೆಟ್ಟಿಲು ಹತ್ತುತ್ತಲೇ ಅವಳು ನನ್ನ ಕಾಲು ನೋಡಿದಳು. ಬಲಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲಿ ಬಿಟ್ಟುಹೋಯಿತೋ ನನಗೆ ತಿಳಿದಿರಲಿಲ್ಲ. ಆಮೇಲೆ ಮುಖ ನೋಡಿದಳು. "ಅಕ್ಕಾ, ನೀ ಮೂತಿ ವಂಕರ ಪೋಯಿಂದಿ!" ಎಂದು ಕೂಗಿದಳು. ನಿನ್ನ ಬಾಯಿ ವಕ್ರವಾಗಿದೆ ಎಂದು. ನಾನು ನಗಲು ನೋಡಿದೆ. ಅವಳು ಇನ್ನೂ ಹೆದರಿದಳು. ಬಸ್ಸು ನಿಲ್ಲಿಸಿ, ನನ್ನನ್ನು ಆಟೋಕ್ಕೆ ಹಾಕಿಕೊಂಡು, ದಾರಿಯುದ್ದಕ್ಕೂ ನನ್ನ ಬಲಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಗೆ ಕರೆದೊಯ್ದಳು. ಅವಳು ಹಿಡಿದಿದ್ದಾಳೆ ಅನ್ನುವುದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ತಿಳಿಯುತ್ತಿರಲಿಲ್ಲ. ಆ ದಿನದ ಅವಳ ಹಾಜರಿ ಹೋಯಿತು. ನನ್ನನ್ನು ಒಮ್ಮೆಯೂ ಅದರ ಬಗ್ಗೆ ಮಾತಾಡಗೊಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. ಕೊನೆಯ ಸಲ ಪೂರ್ತಿ ಸರಿಯಾಗಿ ಇದ್ದದ್ದು ಯಾವಾಗ? ಅಷ್ಟರಲ್ಲಿ ಇವರೂ ಓಡಿ ಬಂದಿದ್ದರು. ನಿನ್ನೆ ಮಲಗುವಾಗ ಅಂದರು. ಡಾಕ್ಟರು ಗಡಿಯಾರ ನೋಡಿದರು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಒಂದಿದೆಯಂತೆ. ಲಕ್ವಾ ಶುರುವಾದ ಕೆಲವೇ ತಾಸುಗಳಲ್ಲಿ ಕೊಡಬೇಕಂತೆ. ನನಗೆ ಅದು ನಿದ್ದೆಯಲ್ಲೇ ಆಗಿತ್ತು. ಯಾವ ತಾಸಿನಲ್ಲಿ ಆಯಿತು ಅಂತ ಹೇಳುವವರು ಯಾರಿದ್ದರು? ಇಂಜೆಕ್ಷನ್ ಕೊಡಲಿಲ್ಲ. ಇವರು ಗೋಡೆಗೆ ಕೈ ಕೊಟ್ಟು ನಿಂತರು.

ಮೂರನೆಯ ದಿನ ವಾರ್ಡಿಗೆ ನರರೋಗದ ಡಾಕ್ಟರಮ್ಮ ಬಂದರು. ಮೂವತ್ತೈದರ ಆಸುಪಾಸಿನವರು, ತಾವೂ ಸರಿಯಾಗಿ ನಿದ್ದೆ ಮಾಡದವರ ಮುಖ. ಸಕ್ಕರೆ ಇದೆಯಾ, ತಂಬಾಕು ಹಾಕುತ್ತೀರಾ, ಎಂದೆಲ್ಲ ಕೇಳಿ ಕೊನೆಗೆ, "ರಾತ್ರಿ ಗುರಕ ವಸ್ತುಂದಾ?" ಅಂದರು. ಗೊರಕೆ ಬರುತ್ತದಾ ಎಂದು. ಆಚೆ ಮಂಚದ ರೋಗಿಯ ಕಡೆಯವರು ನಾಲ್ಕು ಜನ ನಮ್ಮನ್ನೇ ನೋಡುತ್ತಿದ್ದರು. ನಾನು ಇಲ್ಲ ಎಂದು ತಲೆಯಾಡಿಸಿದೆ. ಡಾಕ್ಟರಮ್ಮ ಇವರ ಕಡೆ ತಿರುಗಿದರು. ಇವರು ನೆಲ ನೋಡುತ್ತ, "ಲೇದು ಮೇಡಂ" ಅಂದರು, ಇಲ್ಲ ಎಂದು. ಡಾಕ್ಟರಮ್ಮ ಬರೆದುಕೊಂಡು ಮುಂದೆ ಹೋದರು.

ನನ್ನ ಮಾನ ಉಳಿಸಿದರು ಅಂತ ಅವತ್ತು ನನಗೆ ಸಮಾಧಾನವಾಯಿತು.

ಒಂಬತ್ತು ದಿನಕ್ಕೆ ಮನೆಗೆ ಬಂದೆ. ಆಮೇಲಿನ ಎರಡು ತಿಂಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಒಂದು ಬಟ್ಟಲಿನ ಬಟಾಣಿಯನ್ನು ಇನ್ನೊಂದು ಬಟ್ಟಲಿಗೆ ಬಲಗೈಯಿಂದ ಹಾಕುವುದು. ಕುಪ್ಪಸದ ಹುಕ್ಕು ಹಾಕಿಕೊಳ್ಳುವುದು, ಆಗದೆ ಭಾಗ್ಯಾಳನ್ನು ಕರೆಯುವುದು. ಇವರು ಅನ್ನ ಮಾಡಲು ಕಲಿತರು. ರೊಟ್ಟಿಯನ್ನು ಹೊರಗಿನಿಂದ ತಂದು ಡಬ್ಬಿಯಲ್ಲಿಡುತ್ತಿದ್ದರು. ಬಾಯಿ ನೆಟ್ಟಗಾಯಿತು, ಕಾಲು ಹತೋಟಿಗೆ ಬಂತು, ಕೈ ಅರ್ಧ ಬಂತು. ದಣಿವು ಮಾತ್ರ ಹಾಗೇ ಇತ್ತು. ಈಗ ಅದಕ್ಕೊಂದು ಕಾರಣ ಸಿಕ್ಕಿತ್ತು, ಲಕ್ವಾ ಆಗಿದೆಯಲ್ಲ ಎಂದು. ಹಗಲೆಲ್ಲ ನಿದ್ದೆ ಹೋಗುತ್ತಿದ್ದೆ. ಮಲಗಲಿ ಬಿಡಿ, ಮಲಗಿದಷ್ಟೂ ಒಳ್ಳೆಯದು ಎಂದು ಬಂದವರೆಲ್ಲ ಹೇಳಿ ಹೋಗುತ್ತಿದ್ದರು.

ಎರಡು ತಿಂಗಳಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಮಲಗಿ ಎದ್ದು ಭಾಗ್ಯಾಳನ್ನು ನೀರು ಕೇಳಿದೆ. ಶನಿವಾರ, ಅವಳು ಮನೆಯಲ್ಲಿದ್ದಳು. ನನ್ನ ತಲೆಯಲ್ಲಿ 'ನೀರು' ಅನ್ನುವುದು ಸ್ಪಷ್ಟವಾಗಿತ್ತು, ಬಾಯಿಂದ ಬಂದದ್ದು ಬೇರೆ ಏನೋ. ಮತ್ತೆ ಹೇಳಿದೆ. ಮತ್ತೆ ಬೇರೆ ಏನೋ. ಭಾಗ್ಯಾ ನನ್ನ ಗಲ್ಲ ಹಿಡಿದು, "ಅವ್ವಾ, ನನ್ನ ಹೆಸರ ಹೇಳು. ನನ್ನ ಹೆಸರ ಏನು?" ಎಂದು ಕೂಗುತ್ತಿದ್ದಳು. ಅವಳ ಹೆಸರು ನನಗೆ ಗೊತ್ತಿತ್ತು. ತುಟಿಯವರೆಗೆ ತರಲಾಗಲಿಲ್ಲ. ಮೊದಲ ಸಲ ಆಗದ ಭಯ ಅವತ್ತು ಆಯಿತು.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಾತು ತಾನಾಗಿಯೇ ವಾಪಸು ಬಂದಿತ್ತು. ಅಂಥದ್ದು ಮುನ್ಸೂಚನೆ ಇದ್ದಂತೆ, ಹಗುರವಾಗಿ ತೆಗೆದುಕೊಳ್ಳಬಾರದು ಎಂದು ಮತ್ತೆ ಸೇರಿಸಿಕೊಂಡರು. ಸೋಮವಾರ ಅದೇ ಡಾಕ್ಟರಮ್ಮನ ಕೋಣೆಯ ಮುಂದೆ ಗಾಲಿಕುರ್ಚಿಯಲ್ಲಿ ಕೂರಿಸಿದರು. ಎರಡೂವರೆ ತಾಸು ಕಾದೆವು. ನನಗೆ ಅಲ್ಲೇ ಜೊಂಪು ಹತ್ತಿತು. ಎಚ್ಚರವಾದಾಗ ಎದುರಿನ ಬೆಂಚಿನವರೆಲ್ಲ ನನ್ನನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದರು. ಇವರು ನನ್ನ ಸೆರಗು ಸರಿಮಾಡುತ್ತಿದ್ದರು. ಭಾಗ್ಯಾ ನನ್ನನ್ನೇ ನೋಡುತ್ತಿದ್ದಳು.

ಒಳಗೆ ಡಾಕ್ಟರಮ್ಮ ಕಡತ ತಿರುವಿದರು. "ಮೂರು ಗುಳಿಗೆ ಕೊಟ್ಟರೂ ಬಿ.ಪಿ. ಯಾಕೆ ಇಳಿಯುತ್ತಿಲ್ಲ ನಿಮಗೆ? ಹಗಲು ನಿದ್ದೆ ಬರುತ್ತದಾ? ಗೊರಕೆ ಇಲ್ಲ ಅಂದಿದ್ದೀರಿ..."

"ಐತಿ," ಅಂದಳು ಭಾಗ್ಯಾ, ಕನ್ನಡದಲ್ಲೇ. ಆಮೇಲೆ ತೆಲುಗಿಗೆ ಹೊರಳಿದಳು. "ಇದೆ ಮೇಡಂ. ಬಹಳ ವರ್ಷದಿಂದ ಇದೆ."

"ಭಾಗ್ಯಾ," ಎಂದರು ಇವರು.

"ಅಪ್ಪಾ, ಸುಮ್ಮಕುಂದ್ರು." ಅವಳು ಮೊಬೈಲ್ ತೆಗೆದು ಮೇಜಿನ ಮೇಲಿಟ್ಟು ಆ ರೈಲಿನ ರೆಕಾರ್ಡಿಂಗ್ ಹಚ್ಚಿದಳು.

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕೋಣೆಯ ತುಂಬ ನನ್ನ ಗೊರಕೆ. ನರ್ಸ್ ಒಬ್ಬಳು ಬಾಯಿ ಮುಚ್ಚಿಕೊಂಡಳು. ಡಾಕ್ಟರಮ್ಮ ನಗಲಿಲ್ಲ. ಕುರ್ಚಿ ಮುಂದೆಳೆದು ಮೊಬೈಲಿಗೆ ಕಿವಿ ಹತ್ತಿರ ಮಾಡಿದರು. ಸದ್ದು ಏರಿತು, ಏರಿತು, ಪಟ್ಟನೆ ನಿಂತಿತು. ರೈಲಿನ ಗಾಲಿಯ ಸದ್ದಷ್ಟೇ ಉಳಿಯಿತು. ಆಗ ಮಲ್ಲೇಶಿಯ ದನಿ ಬಂತು. "ಡೀಸೆಲ್ ಖಾಲಿ ಆತು ನೋಡ್ರಿ!" ಎಲ್ಲರೂ ನಕ್ಕದ್ದು ಕೇಳಿಸಿತು. ಭಾಗ್ಯಾಳ ನಗುವೂ ಇತ್ತು. ಡಾಕ್ಟರಮ್ಮ ಗೋಡೆಯ ಗಡಿಯಾರದ ಮುಳ್ಳನ್ನು ನೋಡುತ್ತಿದ್ದರು. ಬಾವಿಯಲ್ಲಿ ಮುಳುಗಿದವರು ಮೇಲೆ ಬಂದು ಗಾಳಿ ಎಳೆದುಕೊಂಡಂತೆ ಒಂದು ಸದ್ದು ಬಂತು. ಮತ್ತೆ ಗೊರಕೆ ಶುರುವಾಯಿತು.

"ಇನ್ನೊಮ್ಮೆ ಹಾಕಿ," ಅಂದರು. ಎರಡನೆಯ ಸಲ ಸದ್ದು ನಿಂತಾಗ ಬೆರಳೆತ್ತಿದರು. "ಇಲ್ಲಿ. ಇಲ್ಲಿ ಇವರು ಉಸಿರಾಡುತ್ತಿಲ್ಲ."

ಭಾಗ್ಯಾ ರೆಕಾರ್ಡಿಂಗ್ ನಿಲ್ಲಿಸಿದಳು.

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿ ಉಸಿರು ನಿಲ್ಲುತ್ತದೆ. ಮೆದುಳು ಗಾಬರಿಯಾಗಿ ಮೈಯನ್ನು ಅರೆ ಎಚ್ಚರ ಮಾಡುತ್ತದೆ, ಉಸಿರು ಬರುತ್ತದೆ, ಮತ್ತೆ ನಿಲ್ಲುತ್ತದೆ. ಪ್ರತಿ ಸಲವೂ ಬಿ.ಪಿ. ಮೇಲಕ್ಕೆ ಹಾರುತ್ತದೆ. ವರ್ಷಗಟ್ಟಲೆ ರಾತ್ರಿ ರಾತ್ರಿ ಹೀಗಾದರೆ ಹೃದಯ, ರಕ್ತನಾಳ, ಮೆದುಳು ಎಲ್ಲದರ ಮೇಲೂ ಹೊಡೆತ. "ಇದೊಂದರಿಂದಲೇ ಲಕ್ವಾ ಆಯಿತು ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಇದನ್ನು ಹೀಗೇ ಬಿಟ್ಟರೆ ಮತ್ತೆ ಆಗುವ ಭಯ ಹೆಚ್ಚು," ಅಂದರು. ನಾವು ಸುಳ್ಳು ಹೇಳಿದ್ದಕ್ಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಬಂದು ಲಿಫ್ಟಿಗೆ ಕಾಯುತ್ತಿದ್ದಾಗ ಭಾಗ್ಯಾ ಔಷಧ ತರಲು ಹೋದಳು. ಇವರು ನನ್ನ ಗಾಲಿಕುರ್ಚಿಯ ಹಿಂದೆ ನಿಂತಿದ್ದರು. ಮುಖ ಕಾಣುತ್ತಿರಲಿಲ್ಲ.

"ನನಗ ಗೊತ್ತಿತ್ತು," ಅಂದರು.

"ಏನ್ರಿ?"

"ನಿನ್ನ ಉಸರ ನಿಲ್ತಿತ್ತು ಅನ್ನೂದು. ಮದಲ ನಾ ಬಾಜೂಕ ಮಲಗ್ತಿದ್ನೆಲ್ಲ, ಆವಾಗ. ಭುಜ ಹಿಡದ ಮಗ್ಗಲಕ ಹೊರಳಸ್ತಿದ್ದೆ, ಮತ್ತ ಉಸರ ಬರ್ತಿತ್ತು. ಏನೋ ಗಂಟಲಾಗ ಕಫ ಐತಿ ಅಂದ್ಕೊಂಡಿದ್ದೆ." ಆಮೇಲೆ, "ನಾ ಹಾಲ್‌ನ್ಯಾಗ ಮಲಗಬಾರದಾಗಿತ್ತು," ಅಂದರು.

ಹೊರಳಿಸುವವರು ಇಲ್ಲದೆ ನಾನು ಎಷ್ಟು ರಾತ್ರಿ ಮಲಗಿದ್ದೆ ಅಂತ ಇಬ್ಬರಿಗೂ ಗೊತ್ತಿತ್ತು. "ಡಾಕ್ಟರಿಗೆ ಯಾಕ ಸುಳ್ಳ ಹೇಳಿದ್ರಿ?" ಎಂದು ಕೇಳಿದೆ.

"ನೀ ಇಲ್ಲಂದೆಲ್ಲ," ಅಂದರು. "ನಾಕ ಮಂದ್ಯಾಗ ನಾ ಹೆಂಗ ಐತಿ ಅನ್ಲಿ?"

ಲಿಫ್ಟ್ ಬಂತು. ತುಂಬಿತ್ತು. ಮುಂದಿನದಕ್ಕೆ ಕಾದೆವು.

ನಿದ್ದೆಯ ಪರೀಕ್ಷೆಗೆ ಒಂದು ರಾತ್ರಿ ತಲೆಗೆ, ಎದೆಗೆ, ಬೆರಳಿಗೆ ವೈರು ಅಂಟಿಸಿಕೊಂಡು ಮಲಗಿದೆ. ತಾಸಿಗೆ ಎಷ್ಟು ಸಲ ಉಸಿರು ನಿಂತಿತು ಅಂತ ಒಂದು ಕಾಗದದಲ್ಲಿ ಬರೆದು ಕೊಟ್ಟರು. ಇವರು ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡರು. ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಮಷೀನ್ ಬಂತು. ಟಿಫಿನ್ ಡಬ್ಬಿಯಷ್ಟು ದೊಡ್ಡದು. ಅದರಿಂದ ಒಂದು ಕೊಳವೆ, ಕೊಳವೆಯ ತುದಿಗೆ ಮೂಗು ಮುಚ್ಚುವ ಮಾಸ್ಕ್. ಅದು ರಾತ್ರಿಯಿಡೀ ಗಾಳಿ ಒತ್ತುತ್ತಿರುತ್ತದೆ, ಗಂಟಲ ದಾರಿ ಮುಚ್ಚಗೊಡುವುದಿಲ್ಲ.

ಇದನ್ನು ಹಾಕಿಕೊಂಡ ಮರುದಿನವೇ ಲೋಕ ಬೆಳಗಿತು ಅನ್ನುವವರ ಮಾತು ನಾನೂ ಕೇಳಿದ್ದೇನೆ. ನನಗೆ ಹಾಗಾಗಲಿಲ್ಲ. ನಿಮಗೂ ಆಗಿರದಿದ್ದರೆ ಗಾಬರಿಯಾಗಬೇಡಿ. ಮೊದಲ ರಾತ್ರಿ ಯಾರೋ ಮುಖ ಹಿಡಿದು ಮೂಗಿಗೆ ಊದುತ್ತಿದ್ದಾರೆ ಅನ್ನಿಸಿ ಕಿತ್ತೆಸೆದೆ. ಎರಡನೆಯ ರಾತ್ರಿಯೂ. ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಬೆಳಿಗ್ಗೆ ಮೂಗಿನ ಮೇಲೆ ಕೆಂಪು ಗೀರು, ಹೊಟ್ಟೆಯಲ್ಲಿ ಗಾಳಿ. ಅರ್ಧ ಬಂದ ಬಲಗೈಯಿಂದ ತಲೆ ಹಿಂದಿನ ಪಟ್ಟಿ ಬಿಗಿಯಲು ಬರುತ್ತಿರಲಿಲ್ಲ. ಇವರು ಮತ್ತೆ ನನ್ನ ಕೋಣೆಗೆ ಹಾಸಿಗೆ ತಂದುಕೊಂಡಿದ್ದರು. ದಿನಾ ರಾತ್ರಿ ಕನ್ನಡಕ ಹಾಕಿಕೊಂಡು, ನಟ್ಟು ಬಿಗಿಯುವವರ ಹಾಗೆ ನಾಲಿಗೆ ಕಚ್ಚಿಕೊಂಡು, ಆ ಪಟ್ಟಿ ಸರಿ ಮಾಡುತ್ತಿದ್ದರು. ಅವರಿಗೋಸ್ಕರ ಹಾಕಿಕೊಳ್ಳುತ್ತಿದ್ದೆ. ಒಂದು ತಾಸು, ಎರಡು ತಾಸು. ಎರಡು ತಿಂಗಳ ಮೇಲೆ ಒಂದು ದಿನ ಬೆಳಗಿನವರೆಗೂ ಹಾಗೇ ಮಲಗಿದ್ದೆ. ಎದ್ದಾಗ ತಲೆ ನೋಯುತ್ತಿರಲಿಲ್ಲ. ಅಷ್ಟೇ. ಏನು ಕಡಿಮೆಯಾಗಿದೆ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಕಾರ್ಖಾನೆಯ ಕೆಲಸ ಬಿಟ್ಟೆ. ಬೆಲ್ಟಿನ ಮೇಲಿನ ಪಟ್ಟಿ ಎತ್ತುವಷ್ಟು ಚುರುಕು ಬೆರಳಿಗೆ ಬರಲಿಲ್ಲ. ಯಾದಮ್ಮ ಭಾನುವಾರ ಒಮ್ಮೊಮ್ಮೆ ಬಂದು ಕೂತು ಹೋಗುತ್ತಾಳೆ.

ಆ ಹೊತ್ತಿಗೆ ಭಾಗ್ಯಾಳಿಗೆ ವಿಜಯಪುರದಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಫೋನಿನಲ್ಲಿ ಇಬ್ಬರೂ ಮಾತಾಡಿದ್ದರು, ಭಾಗ್ಯಾಳಿಗೆ ಮನಸ್ಸಿತ್ತು. ಹುಡುಗ, ಅವನ ತಾಯಿ ಗಂಗಾಬಾಯಿ, ತಂದೆ ಮೂವರೂ ಬೆಳಗಿನ ರೈಲಿಗೆ ಬಂದು ಒಂದು ರಾತ್ರಿ ನಮ್ಮಲ್ಲೇ ಉಳಿಯುವುದೆಂದಾಯಿತು. ಗಂಡಸರು ಹಾಲ್‌ನಲ್ಲಿ, ಗಂಗಾಬಾಯಿ ನನ್ನ ಕೋಣೆಯಲ್ಲಿ. ಇಪ್ಪತ್ತು ವರ್ಷದ ಕೆಳಗೆ ಕಲ್ಯಾಣ ಮಂಟಪದಲ್ಲಿ ಆದದ್ದು ಈಗ ಮಗಳ ಪಾಲಿಗೆ ಆಗಬಾರದು ಅನ್ನಿಸಿತು. ಅವರು ಬರುವ ಮೊದಲು ಮಷೀನನ್ನು ಸೀರೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಖಾನೆಯಲ್ಲಿ ಒತ್ತಿಟ್ಟೆ. ರಾತ್ರಿ ಕೂತೇ ಕಳೆದರಾಯಿತು ಅಂದುಕೊಂಡೆ. ಇವರು ನೋಡಿ, ತಮ್ಮ ಹಾಸಿಗೆ ಹಾಲ್‌ಗೆ ಒಯ್ದರು.

ಸಂಜೆ ಎಲ್ಲರೂ ಹಾಲ್‌ನಲ್ಲಿ ಕೂತಿದ್ದೆವು. ಯಾರಿಗೆಲ್ಲಿ ಹಾಸಿಗೆ ಎಂಬ ಮಾತು ಬಂತು. ಭಾಗ್ಯಾ ಒಳಗೆ ಹೋದಳು. ಕಪಾಟಿನ ಬಾಗಿಲಿನ ಸದ್ದಾಯಿತು, ಸ್ಟೂಲ್ ಎಳೆದ ಸದ್ದಾಯಿತು. ಮಷೀನ್ ಎತ್ತಿಕೊಂಡು ಬಂದು ಗಂಗಾಬಾಯಿಯ ಮುಂದಿನ ಟೀಪಾಯಿಯ ಮೇಲೆ ಇಟ್ಟಳು.

"ಆಂಟಿ, ನಮ್ಮವ್ವ ಇದನ್ನ ಹಾಕ್ಕೊಂಡ ಮಲಗಬೇಕ್ರಿ. ಇಲ್ಲಂದ್ರ ನಿದ್ದ್ಯಾಗ ಉಸರ ನಿಲ್ತೈತಿ. ಒಂದ ಸಲ ಲಕ್ವಾ ಆಗೇತಿ, ಇನ್ನೊಂದ ಸಲ ಆಗೂದು ತಪ್ಪೇತಿ. ಸ್ವಲ್ಪ ಸಪ್ಪಳ ಬರ್ತೈತಿ. ನಿಮಗ ತ್ರಾಸ ಆಗ್ತಿದ್ರ ನನ್ನ ಖೋಲ್ಯಾಗ ಮಲಕ್ಕೋರಿ."

ಹುಡುಗ ಅವಳನ್ನು ನೋಡಿದ. ನಾನು ಸೆರಗಿನ ತುದಿ ನೋಡುತ್ತ ಕೂತೆ. ಗಂಗಾಬಾಯಿ ಮಾಸ್ಕನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ನಿದ್ದ್ಯಾಗ ಉಸರ ನಿಲ್ಲೂದಂದ್ರ ಹೆಂಗ್ರೀ ಅಕ್ಕಾರ?"

ನನ್ನನ್ನೇ ಕೇಳಿದ್ದರು. ಹೇಳಲೇಬೇಕಾಯಿತು. ಗೊರಕೆ ಏರುವುದು, ನಿಲ್ಲುವುದು, ಮುಳುಗಿ ಎದ್ದ ಹಾಗೆ ಉಸಿರು ಎಳೆಯುವುದು, ಬೆಳಿಗ್ಗೆಯ ತಲೆನೋವು, ಹಗಲಿನ ಜೊಂಪು. ನಾನು ಹೇಳುತ್ತಿದ್ದ ಹಾಗೆ ಗಂಗಾಬಾಯಿ ನನ್ನನ್ನು ಬಿಟ್ಟು ಆಚೆ ನೋಡತೊಡಗಿದರು. ಅವರ ಯಜಮಾನರು ಸೋಫಾದ ಮೂಲೆಯಲ್ಲಿ, ಕೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡೇ, ಗದ್ದ ಎದೆಗೆ ತಾಗಿಸಿ ನಿದ್ದೆ ಹೋಗಿದ್ದರು. ಬೆಳಗಿನಿಂದ ಅದು ನಾಲ್ಕನೆಯ ಸಲ.

"ಇವರೂ ಹಿಂಗ ಮಾಡ್ತಾರ್ರಿ," ಅಂದರು ಸಣ್ಣ ದನಿಯಲ್ಲಿ. "ನಾ ಆಳಸಿ ಅಂತ ಬೈತೀನಿ."

ಅವತ್ತು ನಾನು ಮಾಸ್ಕ್ ಹಾಕಿಕೊಂಡೇ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಪಕ್ಕದ ಹಾಸಿಗೆ ಮಡಿಕೆ ಬಿಚ್ಚದೆ ಹಾಗೇ ಇತ್ತು. ಅಡುಗೆಮನೆಯಲ್ಲಿ ಗಂಗಾಬಾಯಿ ನನಗಾಗಿ ಕಾಯುತ್ತಿದ್ದರು. ಕಣ್ಣು ಕೆಂಪಾಗಿದ್ದವು. "ರಾತ್ರೆಲ್ಲಾ ಹಾಲ್‌ನ್ಯಾಗ ಅವರ ತಲಿದಿಂಬಿಗೆ ಕುಂತಿದ್ದೆ," ಅಂದರು. "ನೀವು ಹೇಳಿದಂಗ ಐತಿ ಅಕ್ಕಾರ. ನಿಲ್ತೈತಿ." ಡಾಕ್ಟರಿಗೆ ಏನಂತ ಹೇಳಬೇಕು ಎಂದು ಕೇಳಿ ಭಾಗ್ಯಾಳಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋದರು.

ಹನ್ನೆರಡು ದಿನದ ಮೇಲೆ ಮಧ್ಯಸ್ಥರಿಂದ ಸುದ್ದಿ ಬಂತು, ಸಂಬಂಧ ಕೂಡಿ ಬರಲಿಲ್ಲ ಎಂದು. ಕಾರಣ ಹೇಳಲಿಲ್ಲ. ನನಗೆ ಕಾರಣ ಗೊತ್ತು ಅನ್ನಿಸಿತು. ಭಾಗ್ಯಾ ಊಟದ ಮೇಜಿನ ಮೇಲೆ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಕೆಂಪು ಪೆನ್ನು ಒಂದೇ ಪತ್ರಿಕೆಯ ಮೇಲೆ ಬಹಳ ಹೊತ್ತು ನಿಂತಿತ್ತು.

"ಅವತ್ತ ಆ ಮಷೀನ್ ಹೊರಗ ತರಬೇಕಾಗಿತ್ತೇನ?" ಅಂದೆ. ಸಿಟ್ಟು ಅಲ್ಲ, ಸಂಕಟ.

"ಅವ್ವಾ, ರೈಲಿನ್ಯಾಗ ನಿನ್ನ ಉಸರ ನಿಂತಾಗ ನಾ ನಕ್ಕೀನಿ," ಅಂದಳು, ತಲೆಯೆತ್ತದೆ. "ಇನ್ನ ಮ್ಯಾಲ ಅದನ್ನ ಮುಚ್ಚಿಡಾಕ ನನಗ ಆಗೂದಿಲ್ಲ." ಆಮೇಲೆ ಪತ್ರಿಕೆ ತಿರುವಿ ಅಂಕ ಹಾಕಿದಳು. ಅವಳ ಕಣ್ಣು ತುಂಬಿದ್ದವು. ನಾನು ಹೋಗಿ ಪಕ್ಕದಲ್ಲಿ ಕೂತೆ.

ಇದೆಲ್ಲ ಆಗಿ ವರ್ಷದ ಮೇಲಾಯಿತು. ಬಿ.ಪಿ. ಗುಳಿಗೆ ಮೂರರಿಂದ ಎರಡಕ್ಕೆ ಇಳಿದಿದೆ. ಬಲಗೈ ಈಗಲೂ ಸಂಜೆಗೆ ಸೋಲುತ್ತದೆ. ಮಾಸ್ಕ್ ಹಾಕಿಕೊಳ್ಳಲು ಈಗಲೂ ಬೇಸರವೇ. ಬೇರೆಯವರ ಮನೆಗೆ ಹೋಗುವಾಗ ಬಟ್ಟೆಯ ಚೀಲಕ್ಕಿಂತ ಮೊದಲು ಅದರ ಚೀಲ ನೆನಪಿಡಬೇಕು. ಪೂರ್ತಿ ವಾಸಿಯಾಯಿತೇ ಎಂದು ಕೇಳುವವರಿಗೆ ಇಲ್ಲ ಅನ್ನುತ್ತೇನೆ, ಅವರ ಮುಖ ಸಪ್ಪಗಾಗುತ್ತದೆ. ಆದರೆ ಹೋದ ವಾರ ಮಧ್ಯಾಹ್ನವೆಲ್ಲ ಎಚ್ಚರವಾಗಿ ಕೂತು ಇವರಿಗೆ ಒಂದು ಅಂಗಿಯ ಗುಂಡಿ ಹೊಲಿದೆ. ನಡುವೆ ತೂಕಡಿಸಲಿಲ್ಲ. ಗುಂಡಿ ಸ್ವಲ್ಪ ಸೊಟ್ಟ ಬಂತು. ಅದನ್ನೇ ಹಾಕಿಕೊಂಡು ಡ್ಯೂಟಿಗೆ ಹೋದರು.

ಮೊನ್ನೆ ಒಂದು ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಅಕ್ಕಾರ, ನಾನ್ರೀ, ವಿಜಯಪುರದ ಗಂಗಾಬಾಯಿ." ಸಂಬಂಧದ ಮಾತು ಇಬ್ಬರೂ ಎತ್ತಲಿಲ್ಲ.

"ಒಪ್ಪಿಸೂದಕ್ಕ ವರ್ಷ ಹಿಡೀತು, ಇವರಿಗೂ ಅದ ಮಷೀನ್ ಬಂದೈತ್ರಿ. ಇಪ್ಪತ್ತ ದಿನ ಆತು. ಮೂಗಿನ ಮ್ಯಾಲ ಗಾಯ ಆಗೇತಿ. ರಾತ್ರಿ ನಾ ಹಾಕೂದು, ಇವರು ಕಿತ್ತ ಒಗ್ಯೂದು. ನನಗಂತೂ ಸಾಕಾಗಿ ಹೋಗೇತಿ ಅಕ್ಕಾರ. ನಿಮಗೂ ಹಿಂಗ ಆಗಿತ್ತೇನ್ರಿ?"

ನಾನು ಕುರ್ಚಿ ಎಳೆದುಕೊಂಡು ಕೂತೆ.

"ಆಗಿತ್ರಿ," ಅಂದೆ. "ಪಟ್ಟಿ ಭಾಳ ಬಿಗೀಬ್ಯಾಡ್ರಿ, ಎರಡ ಬೆರಳ ಹೋಗುವಷ್ಟ ಸಡಿಲ ಬಿಡ್ರಿ. ಗಾಯಾ ಡಾಕ್ಟರಿಗೆ ತೋರಸ್ರಿ, ಬ್ಯಾರೆ ಅಳತಿ ಮಾಸ್ಕ್ ಕೊಡ್ತಾರ. ಮತ್ತ ಅವರು ಕಿತ್ತ ಒಗದ್ರ ಬೈಬ್ಯಾಡ್ರಿ. ನಾನೂ ಎರಡ ತಿಂಗಳ ಒಗದೀನಿ."

"ಒಗದ್ರ ಏನ್ ಮಾಡ್ಲಿ?"

"ಮತ್ತ ಹಾಕ್ರಿ," ಅಂದೆ.